ಅಯಸ್ಕಾಂತಕ್ಕೆ ಅಂಟಿದ ಮಾತ್ರಕ್ಕೆ ತಾಮ್ರದ ಫೆರೈಟ್ ಆಯಿತೇ?

ಪ್ರಶ್ನೆ: ನಾನು ಎಂ.ಎಸ್ಸಿ. ರಸಾಯನಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿನಿ. ಊರು ಕೊಡಗಿನ ಪೊನ್ನಂಪೇಟೆ ಕಡೆ, ಮನೆಯಲ್ಲಿ ಕಾಫಿ ತೋಟವಿದೆ. ದ್ರವದೊಳಗೆ ಕಿಡಿಯಿಂದ ಪ್ಲಾಸ್ಮಾ (ವಿದ್ಯುತ್ ಹರಿಯುವ ಬಿಸಿ ಅನಿಲ) ಹುಟ್ಟಿಸಿ ಮಿಶ್ರ ಲೋಹ ಆಕ್ಸೈಡ್‌ನ ನ್ಯಾನೊ ಕಣಗಳನ್ನು ಮಾಡುವುದು ನನ್ನ ಪ್ರಾಜೆಕ್ಟ್. 5 ಮಿಲಿಮೋಲಾರ್ ತಾಮ್ರದ ನೈಟ್ರೇಟ್ ದ್ರಾವಣ 100 ಮಿಲಿಲೀಟರ್ ತೆಗೆದುಕೊಂಡು, ಅದರಲ್ಲಿ 1 ಮಿಲಿಮೀಟರ್ ದಪ್ಪದ ಎರಡು ಕಬ್ಬಿಣದ ತಂತಿಗಳನ್ನು ಎದುರುಬದುರು ಇಟ್ಟು, 10 ಕಿಲೊವೋಲ್ಟಿನಲ್ಲಿ, 1 ನ್ಯಾನೊಫ್ಯಾರಡ್ ಕೆಪಾಸಿಟರ್ ಮೂಲಕ ಸೆಕೆಂಡಿಗೆ 10 ಕಿಡಿ ಹಾರಿಸಿದೆ. ಅರ್ಧ ಗಂಟೆಯಲ್ಲಿ 20 ಮಿಲಿಗ್ರಾಂ ಕಪ್ಪು ಪುಡಿ ಸಿಕ್ಕಿತು. ಅಯಸ್ಕಾಂತಕ್ಕೆ ಅಂಟುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಯಾವ ಕೋನಗಳಲ್ಲಿ ಚದುರುತ್ತದೆ ಎಂದು ನೋಡಿ ಹರಳನ್ನು ಗುರುತಿಸುವ ಪರೀಕ್ಷೆ) ಸ್ಪೈನೆಲ್ ಎಂಬ ಹರಳು ರಚನೆಯ ಗೆರೆಗಳು ಬಂದಿವೆ. ಇದನ್ನು ತಾಮ್ರದ ಫೆರೈಟ್ (ತಾಮ್ರ, ಕಬ್ಬಿಣ ಎರಡೂ ಒಂದೇ ಹರಳಿನಲ್ಲಿರುವ ಆಕ್ಸೈಡ್) ಎಂದು ಬರೆಯಬಹುದೇ? ಮೊದಲ ಹತ್ತು ನಿಮಿಷ ಚೆನ್ನಾಗಿ ಹಾರುವ ಕಿಡಿ ಆಮೇಲೆ ತಪ್ಪತೊಡಗುತ್ತದೆ. ಮಳೆಗಾಲದ ತೇವ ಕಾರಣವೇ? ಮದ್ದು ಸೊಪ್ಪಿನ (ಕೊಡಗಿನಲ್ಲಿ ಮಳೆಗಾಲದಲ್ಲಿ ತಿನ್ನುವ ಔಷಧಿ ಗಿಡ) ರಸ ಸೇರಿಸಿದರೆ ‘ಹಸಿರು ವಿಧಾನ’ ಆಗುತ್ತದೆ ಎಂದು ಒಬ್ಬರು ಹೇಳಿದರು, ಸೇರಿಸಲೇ? ಈ ಪುಡಿಯಿಂದ ನಮ್ಮ ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಸುಲಿದಾಗ ಬರುವ ಕೊಳೆ ನೀರು) ಶುದ್ಧವಾಗುತ್ತದೆಯೇ ಎಂದು ಅಪ್ಪ ಕೇಳುತ್ತಿದ್ದಾರೆ.

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುವ ಮುಂಚೆ ನಿಮ್ಮ ತಂದೆಯವರು ಡ್ರಮ್ಮಿನೊಳಗೆ ಚಾಕು ಅದ್ದಿ ನೋಡುವುದನ್ನು ಕಂಡಿದ್ದೀರಾ? 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಲದಿದ್ದರೆ ಚಾಕುವಿನ ಅಲಗಿನ ಮೇಲೆ ಕೆಂಪು ಲೇಪ ಬಂದು ಕೂರುತ್ತದೆ, ಆಗ ಇನ್ನಷ್ಟು ಸುಣ್ಣದ ತಿಳಿ ಸುರಿಯುತ್ತಾರೆ. ಆ ಕೆಂಪು ಲೇಪ ತಾಮ್ರ. ಕಬ್ಬಿಣ ತಾನು ಕರಗಿ ನೀರಿಗೆ ಹೋಗುತ್ತದೆ, ನೀರಿನಲ್ಲಿದ್ದ ತಾಮ್ರ ಹೊರಗೆ ಬಂದು ಅದರ ಜಾಗದಲ್ಲಿ ಕೂರುತ್ತದೆ. ಇದಕ್ಕೆ ಕರೆಂಟೂ ಬೇಡ, ಕಿಡಿಯೂ ಬೇಡ.

ನಿಮ್ಮ ಬೀಕರಿನಲ್ಲಿ ಇರುವುದೂ ಇದೇ ಏರ್ಪಾಡು: ತಾಮ್ರದ ಲವಣದ ನೀರು, ಅದರೊಳಗೆ ಕಬ್ಬಿಣ. ತಂತಿಗಳು ಮುಳುಗಿದ ಕ್ಷಣದಿಂದಲೇ, ಸ್ವಿಚ್ ಒತ್ತುವ ಮೊದಲೇ, ತಾಮ್ರ ಇಳಿಯಲು ಶುರುವಾಗಿರುತ್ತದೆ. ಕಿಡಿ ಹಾರಿದ ಮೇಲೆ ಇದು ಇನ್ನೂ ಜೋರಾಗುತ್ತದೆ. ತಂತಿಯಿಂದ ಸಿಡಿದ ಪ್ರತಿಯೊಂದು ಕಬ್ಬಿಣದ ಕಣವೂ ಒಂದೊಂದು ಪುಟ್ಟ ಚಾಕು. ಗಾತ್ರ ಸಣ್ಣದಾದಷ್ಟೂ ಮೇಲ್ಮೈ ಹೆಚ್ಚು, ಅಷ್ಟು ಬೇಗ ತಾಮ್ರ ಹೊದ್ದುಕೊಳ್ಳುತ್ತದೆ. ಹಾಗಾಗಿ ನಿಮ್ಮ ಪುಡಿಯಲ್ಲಿ ಕಬ್ಬಿಣವೂ ತಾಮ್ರವೂ ಎರಡೂ ಇವೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅವೆರಡೂ ಒಂದೇ ಹರಳಿನೊಳಗೆ ಸೇರಿವೆಯೇ ಅಥವಾ ಒಂದರ ಮೈಮೇಲೆ ಇನ್ನೊಂದು ಅಂಟಿದೆಯೇ ಎಂಬುದು ಬೇರೆ ಮಾತು. ನೀವು ಕೊಟ್ಟಿರುವ ಎರಡು ಪುರಾವೆಗಳಲ್ಲಿ ಯಾವುದೂ ಆ ಮಾತಿಗೆ ಉತ್ತರ ಕೊಡುವುದಿಲ್ಲ. ಸದ್ಯಕ್ಕೆ ತಾಮ್ರದ ಫೆರೈಟ್ ಎಂದು ಬರೆಯಬೇಡಿ.

ನೀವೇ ಕೊಟ್ಟ ಅಂಕಿಗಳನ್ನು ಕೂಡಿಸಿ ನೋಡೋಣ. 1 ನ್ಯಾನೊಫ್ಯಾರಡ್ ಕೆಪಾಸಿಟರಿಗೆ 10 ಕಿಲೊವೋಲ್ಟ್ ತುಂಬಿದರೆ ಅದರಲ್ಲಿ ಇರುವ ಶಕ್ತಿ 0.05 ಜೂಲ್. ಸೆಕೆಂಡಿಗೆ 10 ಕಿಡಿ ಎಂದರೆ ಅರ್ಧ ವ್ಯಾಟ್, ಅರ್ಧ ಗಂಟೆಗೆ 900 ಜೂಲ್. ಒಂದು ಗ್ರಾಂ ಕಬ್ಬಿಣವನ್ನು ಕಾಯಿಸಿ, ಕರಗಿಸಿ, ಆವಿ ಮಾಡಲು ಸುಮಾರು 7,500 ಜೂಲ್ ಬೇಕು. ಒಂದು ಜೂಲ್ ಕೂಡ ಪೋಲಾಗದಿದ್ದರೆ 120 ಮಿಲಿಗ್ರಾಂ ಸಿಗಬೇಕು. ಆದರೆ ಕಿಡಿಯ ಬಹುಪಾಲು ಶಕ್ತಿ ನೀರನ್ನು ಕಾಯಿಸುವುದರಲ್ಲಿ, ಗುಳ್ಳೆ ಎಬ್ಬಿಸುವುದರಲ್ಲಿ, ಬೆಳಕಿನಲ್ಲಿ, ಆ ‘ಟಪ್’ ಎನ್ನುವ ಸದ್ದಿನಲ್ಲಿ ಹೋಗಿಬಿಡುತ್ತದೆ. ನೂರಕ್ಕೆ ಐದು ಪಾಲು ಲೋಹಕ್ಕೆ ತಗುಲಿತು ಎಂದುಕೊಂಡರೆ 6 ಮಿಲಿಗ್ರಾಂ. ಆವಿಯಾಗದೆ ಕರಗಿ ಸಿಡಿದ ಹನಿಗಳನ್ನೂ, ಲೋಹದ ಜೊತೆ ಕೂಡಿದ ಆಮ್ಲಜನಕವನ್ನೂ ಸೇರಿಸಿಕೊಂಡು ಸ್ವಲ್ಪ ಏರಿಸಿ. ಆದರೂ ನಿಮ್ಮ 20 ಮಿಲಿಗ್ರಾಂನಲ್ಲಿ ಒಂದು ಪಾಲು ಕಿಡಿಯ ಲೆಕ್ಕಕ್ಕೆ ಸಿಗುವುದಿಲ್ಲ. ನೀವು ಹಾಕಿದ ದ್ರಾವಣದಲ್ಲಿ ಒಟ್ಟು 32 ಮಿಲಿಗ್ರಾಂ ತಾಮ್ರವಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಹಾಗಾದರೆ ಮಾಡಬೇಕಾದ ಮೊದಲ ಪ್ರಯೋಗ ತೀರಾ ಸುಲಭ. ಅದೇ ದ್ರಾವಣ, ಅದೇ ತಂತಿ, ಅದೇ ಅರ್ಧ ಗಂಟೆ, ಆದರೆ ಕರೆಂಟ್ ಇಲ್ಲ. ಏನು ಇಳಿಯುತ್ತದೋ ಅದನ್ನು ತೂಗಿ. ಇನ್ನೊಂದು ಸಲ ಬರೀ ಬಟ್ಟಿ ಇಳಿಸಿದ ನೀರಿನಲ್ಲಿ ಕಿಡಿ ಹಾರಿಸಿ, ಆಮೇಲೆ ತಂತಿಗಳನ್ನು ಹೊರತೆಗೆದು, ಆ ಕಬ್ಬಿಣದ ಕೆಸರಿಗೆ ತಾಮ್ರದ ನೈಟ್ರೇಟ್ ಸುರಿದು ನೋಡಿ. ಈ ಎರಡೂ ಇಲ್ಲದೆ ಪ್ರಬಂಧ ಕೊಟ್ಟರೆ, ಒಳ್ಳೆಯ ಪರೀಕ್ಷಕರು ಮೊದಲ ಪ್ರಶ್ನೆಯನ್ನೇ ಇದರ ಮೇಲೆ ಕೇಳುತ್ತಾರೆ.

ಇನ್ನು ಎಕ್ಸ್‌ಆರ್‌ಡಿ. ಇಲ್ಲಿ ನಿಮ್ಮ ತಪ್ಪಿಗಿಂತ ಪ್ರಕೃತಿಯ ಕಿಡಿಗೇಡಿತನವೇ ದೊಡ್ಡದು. ತಾಮ್ರದ ಎಕ್ಸ್-ರೇ ನಳಿಕೆಯಲ್ಲಿ ತೆಗೆದರೆ ಮ್ಯಾಗ್ನೆಟೈಟ್‌ನ (ಕಬ್ಬಿಣದ ಕಪ್ಪು ಆಕ್ಸೈಡ್, ಅದೂ ಸ್ಪೈನೆಲ್ಲೇ) ಗೆರೆಗಳು 30.1, 35.5, 43.1, 57.0, 62.6 ಡಿಗ್ರಿಗಳ ಸುತ್ತ ಬರುತ್ತವೆ. ಘನಾಕೃತಿಯ ತಾಮ್ರದ ಫೆರೈಟ್‌ನ ಗೆರೆಗಳೂ ಹೆಚ್ಚುಕಡಿಮೆ ಅಲ್ಲೇ. ನ್ಯಾನೊ ಕಣಗಳ ಗೆರೆ ಅಗಲವಾಗಿರುವುದರಿಂದ ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟ. ಕಬ್ಬಿಣದ ತಂತಿಯನ್ನು ಬರೀ ನೀರಿನಲ್ಲಿ ಸುಟ್ಟರೂ ಮ್ಯಾಗ್ನೆಟೈಟ್ ಬರುತ್ತದೆ, ಅದು ಅಯಸ್ಕಾಂತಕ್ಕೂ ಅಂಟುತ್ತದೆ. ಅಂದರೆ ನಿಮ್ಮ ಎರಡೂ ಸಾಕ್ಷಿಗಳು ತಾಮ್ರದ ಹೆಸರನ್ನೇ ಎತ್ತಿಲ್ಲ!

ಅದಕ್ಕಿಂತ ಕೆಟ್ಟದ್ದು, ತಾಮ್ರ ಅಡಗಿ ಕೂರಲು ಆ ಗೆರೆಗಳ ಕೆಳಗೇ ಜಾಗ ಮಾಡಿಕೊಂಡಿದೆ. ಲೋಹದ ತಾಮ್ರದ ಮುಖ್ಯ ಗೆರೆ 43.3 ಡಿಗ್ರಿ, ಸ್ಪೈನೆಲ್‌ನ 43.1ರ ನೆರಳಲ್ಲೇ. ಕಪ್ಪು ತಾಮ್ರದ ಆಕ್ಸೈಡ್‌ನ ಜೋರಾದ ಗೆರೆ 35.5, ಸ್ಪೈನೆಲ್‌ನ ಅತಿ ಜೋರಾದ ಗೆರೆಯ ಮೇಲೆಯೇ. ಆದ್ದರಿಂದ ಎದ್ದು ಕಾಣುವ ಗೆರೆಗಳನ್ನು ಬಿಟ್ಟು ಎರಡು ಮೂಲೆಗಳನ್ನು ನೋಡಿ: 50.4 ಡಿಗ್ರಿಯಲ್ಲಿ ಸಣ್ಣ ಉಬ್ಬು ಇದ್ದರೆ ಲೋಹದ ತಾಮ್ರ ಇದೆ, 38.7ರಲ್ಲಿ ಇದ್ದರೆ ತಾಮ್ರದ ಆಕ್ಸೈಡ್ ಇದೆ. ಸ್ಪೈನೆಲ್‌ಗೆ ಈ ಎರಡೂ ಕಡೆ ಗಮನಾರ್ಹ ಗೆರೆ ಇಲ್ಲ. ಕಬ್ಬಿಣವಿರುವ ಮಾದರಿಗೆ ತಾಮ್ರದ ನಳಿಕೆ ಬಳಸಿದರೆ ಹಿನ್ನೆಲೆ ಗದ್ದಲವೂ ಹೆಚ್ಚು, ಏಕೆಂದರೆ ಕಬ್ಬಿಣ ತಾನೇ ಹೊಳೆಯತೊಡಗುತ್ತದೆ. ಹಾಗಾಗಿ ಈ ಭಾಗವನ್ನು ನಿಧಾನವಾಗಿ, ಹೆಚ್ಚು ಹೊತ್ತು ಕೊಟ್ಟು ಮತ್ತೊಮ್ಮೆ ತೆಗೆಸಿ.

ಕಾಲೇಜಿನಲ್ಲೇ ಮಾಡಬಹುದಾದ ಒಂದು ಅಗ್ಗದ ಪರೀಕ್ಷೆಯೂ ಇದೆ. ಪುಡಿಯನ್ನು ಚೆನ್ನಾಗಿ ತೊಳೆದು, ಅಮೋನಿಯಾ ಮತ್ತು ಅಮೋನಿಯಂ ಕ್ಲೋರೈಡ್ ಇರುವ ನೀರಿನಲ್ಲಿ ಹಾಕಿ ಆಗಾಗ ಅಲ್ಲಾಡಿಸುತ್ತ ಒಂದು ರಾತ್ರಿ ಬಿಡಿ. ಹೊರಗೆ ಅಂಟಿದ ತಾಮ್ರ ಕರಗಿ ನೀರು ಗಾಢ ನೀಲಿಯಾಗುತ್ತದೆ. ಸ್ಪೈನೆಲ್ ಹರಳಿನೊಳಗೆ ಕೂತ ತಾಮ್ರ ಅಷ್ಟು ಸುಲಭಕ್ಕೆ ಬರುವುದಿಲ್ಲ. ಇದು ಕೊನೆಯ ತೀರ್ಪಲ್ಲ, ಆದರೆ ಬೆಳಿಗ್ಗೆ ಬಂದು ನೋಡಿದಾಗ ನೀರು ಕಡು ನೀಲಿ ಇದ್ದರೆ ಬಸ್ ಚಾರ್ಜ್ ಉಳಿಸಿಕೊಳ್ಳಬಹುದು, ಬೆಂಗಳೂರಿಗೆ ಮಾದರಿ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ.

ನೀಲಿ ಬರದಿದ್ದರೆ ಹೋಗಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಂಥ ಕಡೆ ಹೊರಗಿನವರ ಮಾದರಿಗಳನ್ನೂ ನೋಡಿಕೊಡುತ್ತಾರೆ. ನಿಮಗೆ ಬೇಕಾಗಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕಣದ ಮೇಲೆ ಧಾತುಗಳ ನಕ್ಷೆ. ಒಂದು ಮುದ್ದೆಯ ಮೇಲೆ ಕಿರಣ ಬಿಟ್ಟು ‘ತಾಮ್ರ ಇಷ್ಟು, ಕಬ್ಬಿಣ ಇಷ್ಟು’ ಎಂಬ ಪಟ್ಟಿ ತಂದರೆ ಪ್ರಯೋಜನವಿಲ್ಲ. ಅವಲಕ್ಕಿ ಮಿಕ್ಸ್ಚರಿನ ಒಂದು ಹಿಡಿಯಲ್ಲಿ ಕಡಲೆಯೂ ಇದೆ ಅವಲಕ್ಕಿಯೂ ಇದೆ ಎಂದ ಹಾಗೆ. ಮತ್ತೊಂದು ಮಾತು: ಮಾದರಿ ಇಡುವ ಜಾಲರಿ ಸಾಮಾನ್ಯವಾಗಿ ತಾಮ್ರದ್ದೇ ಆಗಿರುತ್ತದೆ. ನಿಕ್ಕಲ್ ಅಥವಾ ಚಿನ್ನದ ಜಾಲರಿ ಕೇಳಿ ಪಡೆಯಿರಿ. ನಾನು ಸಂಶೋಧನೆಗೆ ಸೇರಿದ ಹೊಸದರಲ್ಲಿ ಸತು ಮತ್ತು ತಾಮ್ರದ ಮಾದರಿಯನ್ನು ತಾಮ್ರದ ಜಾಲರಿಯ ಮೇಲೆ ಹಾಕಿ, ಎಲ್ಲ ಕಣದಲ್ಲೂ ತಾಮ್ರ ಕಂಡು, ಮೂರು ದಿನ ಸಂಭ್ರಮಪಟ್ಟಿದ್ದೆ. ನಾಲ್ಕನೆಯ ದಿನ ಯಂತ್ರ ನಡೆಸುವವರು ನಕ್ಕರು.

ಈಗ ಮುಂದೆ ಏನು ಮಾಡಬೇಕು ಎಂಬುದಕ್ಕೆ ಬರೋಣ. ಅದಕ್ಕೆ ಆ ಕಿಡಿಯೊಳಗೆ ನಡೆಯುವುದೇನು ಎಂದು ಸ್ವಲ್ಪ ತಿಳಿದಿರಬೇಕು. ಎರಡು ತುದಿಗಳ ನಡುವೆ ವೋಲ್ಟೇಜ್ ಏರಿದಾಗ ನೀರಿನಲ್ಲಿ ಕೂದಲೆಳೆಯಂಥ ಒಂದು ದಾರಿ ಬಿರಿಯುತ್ತದೆ. ಅದರೊಳಗೆ ಉಷ್ಣತೆ ಸಾವಿರಾರು ಡಿಗ್ರಿ. ತಂತಿಯ ತುದಿ ಕರಗಿ, ಕುದಿದು, ಆವಿಯಾಗಿ ಹಾರುತ್ತದೆ. ನೀರಿನ ಅಣುಗಳೂ ಒಡೆದು ಜಲಜನಕ, ಆಮ್ಲಜನಕ, ಹೈಡ್ರಾಕ್ಸಿಲ್ ಚೂರುಗಳಾಗುತ್ತವೆ. ಇವೆಲ್ಲ ಒಂದು ಗುಳ್ಳೆಯೊಳಗೆ, ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ. ಸುತ್ತಲೂ ತಣ್ಣೀರು ಇರುವುದರಿಂದ ಆವಿ ಹೆಪ್ಪುಗಟ್ಟುವುದೂ ಅಷ್ಟೇ ವೇಗವಾಗಿ. ಕಣ ದೊಡ್ಡದಾಗಿ ಬೆಳೆಯಲು ಸಮಯ ಸಿಗುವುದಿಲ್ಲ. (ನಾವು ಕೊಡಗಿನವರು ಕಣ ಎಂದರೆ ಕಾಫಿ ಒಣಗಿಸುವ ಅಂಗಳ ಎಂದುಕೊಳ್ಳುತ್ತೇವೆ. ಈ ಕಣ ಅದರ ಮೇಲೆ ಬಿದ್ದರೆ ಹುಡುಕಲಾಗದು.) ಆವಿಯಿಂದ ಹುಟ್ಟಿದವು ಕೆಲವೇ ನ್ಯಾನೊಮೀಟರಿನಿಂದ ಕೆಲವು ಹತ್ತು ನ್ಯಾನೊಮೀಟರ್. ಕರಗಿ ಸಿಡಿದ ಹನಿಗಳಿಂದ ಹುಟ್ಟಿದವು ಮೈಕ್ರೊಮೀಟರ್ ಗಾತ್ರದ ಗುಂಡುಗಳು. ಎರಡು ಲೋಹಗಳು ಪರಮಾಣು ಮಟ್ಟದಲ್ಲಿ ಬೆರೆಯುವ ಅವಕಾಶ ಇರುವುದು ಆವಿಯಲ್ಲಿ. ಹನಿಗಳಲ್ಲಿ ಅದು ಇಲ್ಲ, ಅವು ತಮ್ಮ ತಂತಿಯ ಮಕ್ಕಳಾಗಿಯೇ ಉಳಿಯುತ್ತವೆ.

ಇದು ಹೊಸ ವಿದ್ಯೆಯೇನಲ್ಲ. 1887ರಲ್ಲೇ ಗುಬ್ಕಿನ್ ಎಂಬವರು ಬೆಳ್ಳಿಯ ನೈಟ್ರೇಟ್ ದ್ರಾವಣದ ಮೇಲೆ ಪ್ಲಾಸ್ಮಾ ಹಾಯಿಸಿ ಬೆಳ್ಳಿ ಇಳಿಸಿದ್ದರು. 1898ರಲ್ಲಿ ಬ್ರೆಡಿಗ್ ನೀರೊಳಗೆ ಲೋಹದ ತಂತಿಗಳ ನಡುವೆ ಆರ್ಕ್ ಹೊತ್ತಿಸಿ ಲೋಹದ ಕಲಿಲಗಳನ್ನು (ಅತಿ ಸಣ್ಣ ಕಣಗಳು ತೇಲುವ ದ್ರವ) ಮಾಡಿದರು. ಅದನ್ನು ಮುಂದಕ್ಕೆ ಒಯ್ದ ಸ್ವೆಡ್‌ಬರ್ಗ್ ಅವರಿಗೆ 1926ರಲ್ಲಿ ನೊಬೆಲ್ ಬಂತು. ಕಾರ್ಖಾನೆಗಳಲ್ಲಿ ವಿದ್ಯುತ್ ಕಿಡಿಯಿಂದ ಅಚ್ಚು ಕೊರೆಯುವ ಇ.ಡಿ.ಎಂ. ಯಂತ್ರದ ತತ್ವವೂ ಇದೇ. 1943ರಲ್ಲಿ ಸೋವಿಯತ್ ಒಕ್ಕೂಟದ ಲಜರೆಂಕೊ ದಂಪತಿ ಕಿಡಿಯಿಂದ ಲೋಹ ಸವೆಯುವ ತೊಂದರೆಯನ್ನೇ ಲೋಹ ಕೊರೆಯುವ ಉಪಾಯವಾಗಿ ತಿರುಗಿಸಿದರು. ಅವರಿಗೆ ಕಸವಾಗಿದ್ದ ಕೆಸರು ನಮಗೆ ಬೇಕಾದ ಮಾಲು, ಅಷ್ಟೇ.

ಇ.ಡಿ.ಎಂ. ಅಂಗಡಿಯವರಿಂದ ನೀವು ಕಲಿಯಬೇಕಾದ್ದೊಂದಿದೆ. ಉಕ್ಕು ಕೊರೆಯಲು ಅವರು ಅನೇಕ ಸಲ ತಾಮ್ರದ ಉಪಕರಣ ಬಳಸುತ್ತಾರೆ. ತಾಮ್ರ ಕಬ್ಬಿಣಕ್ಕಿಂತ ಬೇಗ ಕರಗುವ ಲೋಹ, 1085 ಡಿಗ್ರಿಗೇ ಕರಗುತ್ತದೆ, ಕಬ್ಬಿಣಕ್ಕೆ 1538 ಬೇಕು. ಆದರೂ ಕಿಡಿಯಲ್ಲಿ ತಾಮ್ರ ಕಡಿಮೆ ಸವೆಯುತ್ತದೆ, ಏಕೆಂದರೆ ತುದಿಗೆ ಬಿದ್ದ ಶಾಖವನ್ನು ಅದು ಕಬ್ಬಿಣಕ್ಕಿಂತ ಐದು ಪಟ್ಟು ಚುರುಕಾಗಿ ಹಿಂದಕ್ಕೆ ಸಾಗಿಸಿಬಿಡುತ್ತದೆ. ಆದ್ದರಿಂದ ಒಂದು ತುದಿ ತಾಮ್ರ, ಇನ್ನೊಂದು ತುದಿ ಕಬ್ಬಿಣ ಇಟ್ಟರೆ ಅರ್ಧಕ್ಕರ್ಧ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಚಿಕ್ಕ ಮಿಡಿತದ ಕಿಡಿಯಲ್ಲಿ ಸಾಮಾನ್ಯವಾಗಿ ಧನ ತುದಿ ಹೆಚ್ಚು ಸವೆಯುತ್ತದೆ, ಹಾಗಾಗಿ ತಾಮ್ರವನ್ನು ಧನ ತುದಿಗೆ ಕೊಟ್ಟು ಶುರುಮಾಡಿ. ಬರೀ ಬಟ್ಟಿ ಇಳಿಸಿದ ನೀರು ಸಾಕು, ಲವಣ ಬೇಡ. ಪ್ರತಿ ಸಲವೂ ಎರಡು ತಂತಿಗಳನ್ನು ಮೊದಲು ಮತ್ತು ಆಮೇಲೆ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ. ತಾಮ್ರದ ಫೆರೈಟಿಗೆ ಒಂದು ಪರಮಾಣು ತಾಮ್ರಕ್ಕೆ ಎರಡು ಕಬ್ಬಿಣ ಬೇಕು, ತೂಕದಲ್ಲಿ 63.5ಕ್ಕೆ 111.7. ಅದು ಹೊಂದುವವರೆಗೆ ತುದಿಗಳ ಅಂತರವನ್ನೂ ಧನ-ಋಣ ದಿಕ್ಕನ್ನೂ ಬದಲಿಸುತ್ತ ಹೋಗಿ. ಎರಡೂ ಸೇರಿದ ಮಿಶ್ರಲೋಹದ ತಂತಿ ಕೊಂಡರಾಗದೇ ಎಂದು ಕೇಳಬಹುದು. ಘನ ಸ್ಥಿತಿಯಲ್ಲಿ ತಾಮ್ರ ಮತ್ತು ಕಬ್ಬಿಣ ಒಂದರೊಳಗೊಂದು ಹೆಚ್ಚುಕಡಿಮೆ ಕರಗುವುದೇ ಇಲ್ಲ, ಎಣ್ಣೆ ಸೀಗೇಕಾಯಿ ಸಂಬಂಧ.

ಸಿಕ್ಕ ಕೆಸರನ್ನು ಸ್ವಲ್ಪ ಹೊತ್ತು ತಳಕ್ಕೆ ಕೂರಲು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಿ. ತಳದಲ್ಲಿ ಕೂತದ್ದು ಬಹುಪಾಲು ಹನಿಗಳ ಗುಂಡು.

ಕುಲುಮೆಯಲ್ಲಿ ಕಾಯಿಸಿದರೆ ಗೆರೆಗಳು ಚೂಪಾಗುತ್ತವೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಚೂಪಾಗುತ್ತವೆ, ನಿಜ. ಗಾಳಿಯಲ್ಲಿ 500-600 ಡಿಗ್ರಿಗೆ ಕಾಯಿಸಿದಾಗ ಮ್ಯಾಗ್ನೆಟೈಟ್ ಆಗಿದ್ದರೆ ಕೆಂಪು ಹೆಮಟೈಟ್ ಆಗಿ ಬದಲಾಗಿ 33.2 ಡಿಗ್ರಿಯಲ್ಲಿ ಗೆರೆ ಏಳುತ್ತದೆ. ಆಗ ನಿಮ್ಮ ವಾದ ಬಿತ್ತು. ತಾಮ್ರದ ಫೆರೈಟ್ ಆಗಿದ್ದು ನಿಧಾನವಾಗಿ ಆರಿಸಿದರೆ ಹರಳು ಒಂದು ದಿಕ್ಕಿಗೆ ಉದ್ದವಾಗಿ ಗೆರೆಗಳು ಸೀಳುತ್ತವೆ, ಇದು ತಾಮ್ರದ ಸ್ವಭಾವ. ಆದರೆ ಅಕ್ಕಪಕ್ಕ ಕೂತ ಕಬ್ಬಿಣದ ಆಕ್ಸೈಡ್ ಮತ್ತು ತಾಮ್ರದ ಆಕ್ಸೈಡ್ ಕೂಡ ಶಾಖದಲ್ಲಿ ಕೂಡಿ ಫೆರೈಟ್ ಆಗಬಲ್ಲವು, ನ್ಯಾನೊ ಗಾತ್ರದಲ್ಲಿ ಇನ್ನೂ ಬೇಗ. ಆಗ ಫೆರೈಟ್ ಮಾಡಿದ್ದು ಕುಲುಮೆ. ಪ್ಲಾಸ್ಮಾ ಮಾಡಿದ್ದು ರುಬ್ಬುವ ಕೆಲಸ. ಹಾಗೆ ಮಾಡುವುದು ತಪ್ಪೇನಲ್ಲ, ಒಳ್ಳೆಯ ವಿಧಾನವೇ. ಪ್ರಬಂಧದಲ್ಲಿ ಹಾಗೆಂದೇ ಬರೆಯಬೇಕು. ಈ ಕ್ಷೇತ್ರದಲ್ಲಿ ಪ್ಲಾಸ್ಮಾದ ಹೆಸರಿನಲ್ಲಿ ಕುಲುಮೆಯ ಫಲಿತಾಂಶ ಓದಿ ಓದಿ ನನಗೆ ಬೇಸರ ಬಂದಿದೆ.

ಕಿಡಿ ತಪ್ಪುವುದಕ್ಕೆ ಪಾಪ ಮಳೆಯನ್ನು ಬಯ್ಯಬೇಡಿ, ಮುಖ್ಯ ಕಾರಣ ಬೀಕರಿನೊಳಗೇ ಇದೆ. ಬಟ್ಟಿ ಇಳಿಸಿದ ನೀರಿನ ವಾಹಕತೆ ಸೆಂಟಿಮೀಟರಿಗೆ ಕೆಲವೇ ಮೈಕ್ರೊಸೀಮೆನ್ಸ್. ನಿಮ್ಮ ತಾಮ್ರದ ನೈಟ್ರೇಟ್ ದ್ರಾವಣದ್ದು ಸಾವಿರದ ಮೇಲೆ. ದಾರಿ ಬಿರಿಯುವ ಮೊದಲೇ ಕೆಪಾಸಿಟರಿನ ಚಾರ್ಜ್ ನೀರಿನ ಮೂಲಕ ಸೋರಿಹೋಗುತ್ತದೆ. ಹೊತ್ತು ಕಳೆದಂತೆ ನೀರು ತುಸು ಬಿಸಿಯಾಗುತ್ತದೆ, ಒಂದೊಂದು ಡಿಗ್ರಿಗೂ ವಾಹಕತೆ ನೂರಕ್ಕೆ ಎರಡರಷ್ಟು ಏರುತ್ತದೆ, ಆದರೆ ನಿಮ್ಮ 900 ಜೂಲಿಗೆ 100 ಮಿಲಿಲೀಟರ್ ನೀರು ಏರುವುದು ಎರಡು ಡಿಗ್ರಿಯಷ್ಟೇ. ಅದಕ್ಕಿಂತ ಮುಖ್ಯವಾಗಿ ತುದಿಗಳು ಸವೆದು ಅಂತರ ಹೆಚ್ಚುತ್ತದೆ. ಲವಣ ಬಿಟ್ಟು, ಬೀಕರನ್ನು ಐಸ್ ನೀರಿನಲ್ಲಿಟ್ಟು, ಐದು ನಿಮಿಷಕ್ಕೊಮ್ಮೆ ಅಂತರ ಸರಿಪಡಿಸಿ. ತಂತಿಗೆ ಟೆಫ್ಲಾನ್ ಕೊಳವೆ ತೊಡಿಸಿ ತುದಿ ಮಾತ್ರ ಹೊರಗೆ ಇರಲಿ.

ಹಾಗೆಂದು ಮಳೆ ಪೂರ್ತಿ ನಿರಪರಾಧಿಯೂ ಅಲ್ಲ. ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ದಿನಗಳಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ, ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಅಂಥ ತೇವದಲ್ಲಿ 10 ಕಿಲೊವೋಲ್ಟ್ ಮರದ ಮೇಜಿನ ಮೇಲೆ, ಮುಚ್ಚಳದ ಮೇಲೆ ಹರಿದಾಡಬಲ್ಲದು. ಒಬ್ಬರೇ ಇರುವಾಗ ಯಂತ್ರ ಹಾಕಬೇಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರನ್ನು ನೆಲದ ತಂತಿಯ ಕೋಲಿನಿಂದ ಮುಟ್ಟಿಸಿದ ನಂತರವೇ ಕೈ ಹಾಕಿ. ಜಲಜನಕ ಹುಟ್ಟುವುದರಿಂದ ಮುಚ್ಚಳ ಬಿಗಿಯಾಗಿರಬಾರದು. ಹಳೆ ಮೈಕ್ರೊವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಅಗ್ಗದಲ್ಲಿ ಮಾಡುವ ವಿಡಿಯೋಗಳನ್ನು ನೋಡಿರಬಹುದು: ಅದರ ಎರಡು ಸಾವಿರ ವೋಲ್ಟಿನ ಹಿಂದೆ ಪ್ರಾಣ ತೆಗೆಯುವಷ್ಟು ಕರೆಂಟ್ ಇರುತ್ತದೆ, ಹತ್ತಿರಕ್ಕೂ ಹೋಗಬೇಡಿ.

ಮದ್ದು ಸೊಪ್ಪಿನ ರಸ ಬೇಡ. ಈ ವಿಧಾನದ ದೊಡ್ಡ ಗುಣವೇ ಲೋಹ ಮತ್ತು ನೀರು ಬಿಟ್ಟು ಬೇರೇನೂ ಬೇಕಿಲ್ಲ ಎಂಬುದು. ಅದಕ್ಕೆ ಹತ್ತಾರು ಸಾವಯವ ವಸ್ತುಗಳನ್ನು ಸುರಿದರೆ ವಾಹಕತೆ ಏರುತ್ತದೆ, ಇಂಗಾಲದ ಮಸಿ ಸೇರುತ್ತದೆ, ಯಾವುದು ಯಾವುದರಿಂದ ಆಯಿತು ಎಂದು ಹೇಳಲು ನಿಮಗೇ ಆಗದು. ಸೊಪ್ಪು ಕಕ್ಕಡ ಹದಿನೆಂಟರ ಪಾಯಸಕ್ಕೆ ಇರಲಿ.

ತಂದೆಯವರ ಪ್ರಶ್ನೆಗೆ ನನ್ನ ಉತ್ತರ: ಆಗುವುದಿಲ್ಲ. ಹಳೆಯ ಪದ್ಧತಿಯ ಪಲ್ಪಿಂಗ್‌ನಲ್ಲಿ ಟನ್ನುಗಟ್ಟಲೆ ಹಣ್ಣಿಗೆ ಸಾವಿರಾರು ಲೀಟರ್ ನೀರು ಹೋಗುತ್ತದೆ, ಅದರಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ಹೊರೆ ಲೀಟರಿಗೆ ಗ್ರಾಂ ಲೆಕ್ಕದಲ್ಲಿ. ನಿಮ್ಮ ಕಿಡಿ ಕೊಡುವುದು ಗಂಟೆಗೆ ಮಿಲಿಗ್ರಾಂ ಲೆಕ್ಕದಲ್ಲಿ. ಜೊತೆಗೆ ಹುಳಿತ ಪಲ್ಪಿಂಗ್ ನೀರಿನ ಪಿಎಚ್ 4ರ ಹತ್ತಿರ. ಅಂಥ ಹುಳಿಯಲ್ಲಿ ಪುಡಿಯ ತಾಮ್ರ ಕರಗಿ ಹೊಳೆಗೆ, ನಿಮ್ಮ ಕಡೆಯಾದರೆ ಲಕ್ಷ್ಮಣತೀರ್ಥಕ್ಕೆ, ಹೋಗಿ ಸೇರುತ್ತದೆ. ಮೀನಿಗೆ ಅದು ಒಳ್ಳೆಯದಲ್ಲ. ಸದ್ಯಕ್ಕೆ ಸುಣ್ಣ ಹಾಕಿ ಹುಳಿ ಮುರಿದು, ಗಾಳಿಯಿಲ್ಲದ ಹೊಂಡ, ಆಮೇಲೆ ಗಾಳಿಯಾಡುವ ಹೊಂಡ ಎಂಬ ಹಳೆ ದಾರಿಯೇ ಸರಿ. ಕಡಿಮೆ ನೀರು ಕುಡಿಯುವ ಪಲ್ಪರ್ ಹಾಕಿಸಿದರೆ ಅರ್ಧ ಚಿಂತೆ ಹಾಗೇ ಕಳೆಯುತ್ತದೆ.

ಪ್ರಾಜೆಕ್ಟಿಗಾಗಿ ಪುಡಿ ಬೆಳಕಿನಲ್ಲಿ ನೀರಿನ ಬಣ್ಣ ಕಳೆಯುತ್ತದೆಯೇ ಎಂದು ಪರೀಕ್ಷಿಸುವುದಾದರೆ ಪುಡಿಯನ್ನು ಮೂರು ನಾಲ್ಕು ಸಲ ತೊಳೆದೇ ಬಳಸಿ. ಕಿಡಿ ಹಾರಿದ ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಉಳಿದಿರುತ್ತದೆ, ಕರಗಿದ ಕಬ್ಬಿಣವೂ ಇರುತ್ತದೆ. ಇವೆರಡೂ ಸೇರಿದರೆ 1894ರಲ್ಲಿ ಫೆಂಟನ್ ಗುರುತಿಸಿದ ಕ್ರಿಯೆ ನಡೆದು, ಪುಡಿಯ ಸಹಾಯವಿಲ್ಲದೆಯೇ ಬಣ್ಣ ಮಾಯವಾಗುತ್ತದೆ. ಪುಡಿ ಸೋಸಿ ತೆಗೆದ ನೀರನ್ನು ಪ್ರತ್ಯೇಕವಾಗಿ ಒಂದು ಪರೀಕ್ಷಾ ನಳಿಕೆಯಲ್ಲಿ, ತೊಳೆದ ಪುಡಿಯನ್ನು ಇನ್ನೊಂದರಲ್ಲಿ, ಅದೇ ಪುಡಿಯನ್ನು ಕತ್ತಲಲ್ಲಿ ಮೂರನೆಯದರಲ್ಲಿ ಇಟ್ಟು, ಮೂರನ್ನೂ ಒಂದೇ ದಿನ ಅಳೆಯಿರಿ. ಆ ಅಂಕಿಗಳು ಕೈಗೆ ಬಂದಾಗ, ಕರೆಂಟ್ ಇಲ್ಲದ ಬೀಕರಿನಲ್ಲಿ ಎಷ್ಟು ತಾಮ್ರ ಇಳಿಯಿತು ಎಂಬುದನ್ನೂ ಸೇರಿಸಿ ನನಗೆ ಮತ್ತೆ ಬರೆಯಿರಿ.